ಹಿನ್ನೀರಿನ ಕಥೆ ಸಿನಿಮಾ ಆಗುವ ಮೊದಲು ಏನೇನು ಮುಗಿದಿರಬೇಕು?

ಪ್ರಶ್ನೆ (ನವನಗರ, ಬಾಗಲಕೋಟೆ)

ಆಲಮಟ್ಟಿ ಮುಳುಗಡೆಯಲ್ಲಿ ಮನೆ ಕಳೆದುಕೊಂಡ ಕುಟುಂಬವೊಂದರ ಕುರಿತು ನಮ್ಮ ಜಿಲ್ಲೆಯ ಲೇಖಕರೊಬ್ಬರು ಬರೆದ ಸಣ್ಣಕಥೆಯನ್ನು ಸಿನಿಮಾ ಮಾಡಬೇಕೆಂದು ನಾವು ಮೂವರು ಗೆಳೆಯರು ಹೊರಟಿದ್ದೇವೆ. ಲೇಖಕರು ಈಗಿಲ್ಲ. ಅವರ ಹಿರಿಯ ಮಗ ‘ಧಾರಾಳವಾಗಿ ಮಾಡ್ರಿ’ ಎಂದು ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ಅವರಿಗೆ ಇಬ್ಬರು ತಂಗಿಯರಿದ್ದಾರೆ. ಜಮಖಂಡಿ ಕಡೆಯ ಬಂಧುವೊಬ್ಬರು ಕಬ್ಬಿನ ಬಿಲ್ಲು ಕೈಸೇರಿದೊಡನೆ ಹಣ ಹೂಡಲು ಸಿದ್ಧರಿದ್ದು, ಸಂಕ್ರಾಂತಿ ಕಳೆದ ಮೇಲೆ ಮುಹೂರ್ತ, ಹಿನ್ನೀರು ಇಳಿಯುವ ಬೇಸಿಗೆಯಲ್ಲಿ ಚಿತ್ರೀಕರಣ ಎಂದು ಪಟ್ಟು ಹಿಡಿದಿದ್ದಾರೆ. ನಮ್ಮ ಕೈಯಲ್ಲಿರುವುದು ಮೂವತ್ತು ಪುಟಗಳ ಕಥಾವಿಸ್ತಾರ ಮಾತ್ರ. ಚಿತ್ರೀಕರಣದ ಸಿದ್ಧತೆ ಶುರುವಾಗುವ ಮೊದಲಿನ ಈ ಹಂತದಲ್ಲಿ ಯಾವ ಕೆಲಸಗಳು ಮುಗಿದಿರಬೇಕು, ಯಾವುದಕ್ಕೆ ಈಗಲೇ ಹಣ ಖರ್ಚು ಮಾಡುವುದು ನ್ಯಾಯ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ವಿಜಯಪುರ, ವಕೀಲರು)

ಮುಹೂರ್ತದ ಮಾತನ್ನು ಬದಿಗಿಟ್ಟು ಮೊದಲು ಕಥೆಯ ಹಕ್ಕನ್ನು ಕಾಗದದ ಮೇಲೆ ತನ್ನಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಕೃತಿಯ ಹಕ್ಕು ವಾರಸುದಾರರಲ್ಲಿ ಉಳಿಯುತ್ತದೆ. ಅದರ ವರ್ಗಾವಣೆ ಲಿಖಿತವಾಗಿರದಿದ್ದರೆ, ಅದಕ್ಕೆ ಸಹಿ ಬೀಳದಿದ್ದರೆ, ಊರ್ಜಿತವಾಗುವುದಿಲ್ಲ. ಆದ್ದರಿಂದ ಹಿರಿಯ ಮಗನ ಬಾಯಿಮಾತಿಗೆ ಪ್ರೀತಿಯ ಬೆಲೆಯಿದೆಯೇ ಹೊರತು ಕಾನೂನಿನ ಬೆಲೆಯಿಲ್ಲ. ಲೇಖಕರು ಮೃತ್ಯುಪತ್ರ ಬರೆದಿಟ್ಟಿಲ್ಲವಾದರೆ ಹೆಣ್ಣುಮಕ್ಕಳೂ ಸೇರಿದಂತೆ ವಾರಸುದಾರರೆಲ್ಲರ ಸಹಿ ಬೇಕು. ಅವರು ಬದುಕಿದ್ದಾಗಲೇ ಪ್ರಕಾಶಕರಿಗೋ ನಾಟಕ ಕಂಪನಿಗೋ ಹಕ್ಕನ್ನು ಬರೆದುಕೊಟ್ಟಿದ್ದರೇ ಎಂಬುದನ್ನೂ ವಿಚಾರಿಸಿ.

ಪೂರ್ಣ ಹಕ್ಕನ್ನು ಈಗಲೇ ಕೊಳ್ಳುವ ಅಗತ್ಯವಿಲ್ಲ. ಒಂದೂವರೆ ಅಥವಾ ಎರಡು ವರ್ಷ ಈ ಕಥೆಯನ್ನು ಬೇರೆ ಯಾರಿಗೂ ಕೊಡುವುದಿಲ್ಲವೆಂಬ ಆಯ್ಕೆ ಒಪ್ಪಂದವನ್ನು ಸಣ್ಣ ಮೊತ್ತಕ್ಕೆ ಮಾಡಿಕೊಂಡು, ಮುಂದೆ ಕೊಡಬೇಕಾದ ಪೂರ್ತಿ ಬೆಲೆಯನ್ನು ಅದರಲ್ಲೇ ನಿಗದಿಪಡಿಸಿ. ಅವಧಿ ಬರೆಯದಿದ್ದರೆ ವರ್ಗಾವಣೆಯನ್ನು ಐದು ವರ್ಷಕ್ಕೆಂದು, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಎಂದು ಕಾಯ್ದೆ ಭಾವಿಸುತ್ತದೆ. ಇದಕ್ಕಿಂತ ತೊಡಕಿನದು 19(4)ನೇ ಉಪಕಲಮು. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಪತ್ರದಲ್ಲಿ ಬೇರೆ ರೀತಿ ನಮೂದಿಸಿರದ ಹೊರತು, ವರ್ಗಾವಣೆಯೇ ಬಿದ್ದುಹೋಗುತ್ತದೆ. ಹೊಸಬರ ಸಿನಿಮಾ ಒಂದು ವರ್ಷದಲ್ಲಿ ಕ್ಯಾಮೆರಾದ ಮುಂದೆ ಬರುವುದು ಅಪರೂಪವಾದ್ದರಿಂದ ಒಂದು ವರ್ಷ ಬಳಸದಿದ್ದರೂ ವರ್ಗಾವಣೆ ಬೀಳುವುದಿಲ್ಲ ಎಂಬ ಸಾಲನ್ನು ಮರೆಯದೆ ಬರೆಸಿ. ಡಬ್ಬಿಂಗ್, ರೀಮೇಕ್, ಓಟಿಟಿ ಹಕ್ಕುಗಳ ಹೆಸರುಗಳೂ ಅದರಲ್ಲಿ ಬರಲಿ.

ಮುಳುಗಡೆ ಎಂಬ ವಿಷಯ ಯಾರ ಸ್ವತ್ತೂ ಅಲ್ಲ. ಬರಿಯ ವಿಷಯಕ್ಕೆ ಕೃತಿಸ್ವಾಮ್ಯವಿಲ್ಲ, ಅದನ್ನು ಹೇಳಿದ ಬಗೆಗೆ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಆದರೆ ನೀವು ಬಯಸಿರುವುದು ಆ ಕಥೆಯ ಪಾತ್ರಗಳನ್ನು, ಘಟನೆಗಳನ್ನು. ಹಾಗಾಗಿ ಈ ತೀರ್ಪು ನಿಮ್ಮ ನೆರವಿಗೆ ಬರಲಾರದು.

ಉತ್ತರ 2 (ಬೆಳಗಾವಿ, ಚಿತ್ರಕಥೆ ಬರೆಯುವವರು)

ಮೂವತ್ತು ಪುಟಗಳ ಕಥಾವಿಸ್ತಾರ ಒಳ್ಳೆಯ ಆರಂಭವೇ ಹೌದು, ಆದರೆ ಅದನ್ನು ಹಿಡಿದು ಬಜೆಟ್ ಹಾಕಲಾಗದು. ಪುಟಕ್ಕೆ ಸುಮಾರು ಒಂದು ನಿಮಿಷ ಎಂಬ ರೂಢಿಯ ಲೆಕ್ಕದಲ್ಲಿ ಎರಡು ಗಂಟೆಯ ಸಿನಿಮಾಕ್ಕೆ ನೂರು, ನೂರಿಪ್ಪತ್ತು ಪುಟಗಳ ಚಿತ್ರಕಥೆ ಬೇಕು. ಅಲ್ಲಿಗೆ ತಲುಪುವ ಮೊದಲು ಸಂಭಾಷಣೆ ಇಲ್ಲದ ದೃಶ್ಯಪಟ್ಟಿಯೊಂದನ್ನು ಮಾಡಿಕೊಂಡು, ಯಾವ ದೃಶ್ಯವನ್ನು ಕೈಬಿಟ್ಟರೂ ಕಥೆ ಮುಂದೆ ಸಾಗದೆ ನಿಲ್ಲುತ್ತದೆಯೇ ಎಂದು ನೋಡಿಕೊಳ್ಳಿ.

ಸಣ್ಣಕಥೆಯ ಕಷ್ಟವೆಂದರೆ ಅದು ಪಾತ್ರದ ಮನಸ್ಸಿನೊಳಗೆ ನಡೆಯುತ್ತದೆ. ‘ಮನೆ ಬಿಡುವ ನೋವು ಅವಳನ್ನು ಕಾಡಿತು’ ಎಂಬ ವಾಕ್ಯವನ್ನು ಕ್ಯಾಮೆರಾ ಹಿಡಿಯಲಾರದು. ಮುಳುಗಡೆಯ ಮನೆಗಳಿಂದ ತೊಲೆ, ಬಾಗಿಲು, ಚೌಕಟ್ಟುಗಳನ್ನು ಕಿತ್ತು ಹೊಸ ಜಾಗಕ್ಕೆ ಸಾಗಿಸಿದವರು ನಿಮ್ಮ ಊರಿನಲ್ಲೇ ಸಿಗುತ್ತಾರೆ. ನವನಗರದ ಹೊಸ ಗೋಡೆಯಲ್ಲಿ ಬಿಟ್ಟ ಜಾಗಕ್ಕೆ ಹಳೆಯ ಸಾಗವಾನಿ ಚೌಕಟ್ಟು ನಾಲ್ಕು ಬೆರಳು ದೊಡ್ಡದಾಗುತ್ತದೆ ಎಂದಿಟ್ಟುಕೊಳ್ಳಿ. ‘ಕೊಯ್ಯಲೇನ್ರಿ?’ ಎಂದು ಬಡಿಗ ಕೇಳುತ್ತಾನೆ, ಗಂಡ ತಲೆಯಾಡಿಸುತ್ತಾನೆ, ಅವಳು ಗವಂಡಿಯನ್ನು ಕರೆದು ಗೋಡೆ ಒಡೆಯಲು ಹೇಳುತ್ತಾಳೆ. ನೋವು ಎಂಬ ಪದ ಎಲ್ಲೂ ಬರದೆ ಮೂವರ ಸ್ವಭಾವವೂ ತೆರೆಯ ಮೇಲೆ ಬಂತು. ಇಂಥ ವಿವರ ಬೆಂಗಳೂರಿನ ಚರ್ಚಾಕೋಣೆಯಲ್ಲಿ ಹುಟ್ಟುವುದಿಲ್ಲ, ಮುಳುಗಡೆಯವರೊಂದಿಗೆ ಕುಳಿತು ಮಾತಾಡಿದರೆ ಸಿಗುತ್ತದೆ. ಆದ್ದರಿಂದ ಸಂಶೋಧನೆಯ ಓಡಾಟಕ್ಕೂ ಬರೆಯುವವರ ಸಂಭಾವನೆಗೂ ಈಗಲೇ ಹಣ ಕೊಡಿಸಿ. ಕಥಾವಿಸ್ತಾರ, ಮೊದಲ ಕರಡು, ಪರಿಷ್ಕರಣೆ ಎಂದು ಕಂತು ಮಾಡಿದರೆ ಹೂಡಿಕೆದಾರರಿಗೂ ಭಾರವಾಗದು.

ಸಂಭಾಷಣೆಯನ್ನು ಕಾಗದದ ಮೇಲೆ ನಂಬಬೇಡಿ. ಬಾದಾಮಿ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಬಿಡಾರ ಹೂಡುತ್ತವೆ. ಅಲ್ಲಿನ ಕಲಾವಿದರನ್ನು ವಿನಂತಿಸಿಕೊಂಡು ಒಮ್ಮೆ ಗಟ್ಟಿಯಾಗಿ ಓದಿಸಿ. ಎಲ್ಲಿ ಅವರ ನಾಲಿಗೆ ತಡವರಿಸುತ್ತದೆಯೋ ಆ ಸಾಲು ನಮ್ಮ ಭಾಗದ್ದಲ್ಲ.

ಉತ್ತರ 3 (ಬಾಗಲಕೋಟೆ, ನಿರ್ಮಾಣ ನಿರ್ವಹಣೆ)

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಕರಡಿನ ಮೇಲೆ ಕರಡು ಬರೆಯುತ್ತ ಕುಳಿತರೆ ಹೂಡಿಕೆದಾರರು ದ್ರಾಕ್ಷಿ ತೋಟಕ್ಕೆ ಹಣ ಹಾಕಿಯಾರು. (ಕಬ್ಬಿನ ಬಿಲ್ಲು ಹೇಳಿದ ದಿನಕ್ಕೆ ಬರುವುದೆಂದು ನಂಬಿ ಯಾರಿಗೂ ಮುಂಗಡ ಕೊಡಬೇಡಿ.) ನಿಮ್ಮ ಸಿನಿಮಾದ ಕ್ಯಾಲೆಂಡರನ್ನು ನದಿಯೇ ಬರೆಯುತ್ತದೆ. ಮುಂಗಾರಿನಲ್ಲಿ ಆಲಮಟ್ಟಿ ತುಂಬಿದ ಮೇಲೆ, ಬೇಸಿಗೆಯಲ್ಲಿ ನೀರು ಸರಿಯುವವರೆಗೆ ಹಳೆಯ ಗುರುತುಗಳು ಕಾಣುವುದಿಲ್ಲ. ಚಿತ್ರಕಥೆ ಸಂಕ್ರಾಂತಿಗೆ ಮುಗಿಯುವುದಿಲ್ಲವಾದ್ದರಿಂದ ಬರುವ ಬೇಸಿಗೆಯನ್ನು ಸ್ಥಳಶೋಧನೆಗೂ ಐದಾರು ನಿಮಿಷದ ಪರೀಕ್ಷಾ ಚಿತ್ರೀಕರಣಕ್ಕೂ ಮೀಸಲಿಟ್ಟು, ಪೂರ್ಣ ಚಿತ್ರೀಕರಣವನ್ನು ಅದರ ಮುಂದಿನ ಬೇಸಿಗೆಗೆ ಇಟ್ಟುಕೊಳ್ಳಿ. ಆ ಐದಾರು ನಿಮಿಷ ನಿಮ್ಮ ಬಂಧುವಿನ ತಾಳ್ಮೆಯನ್ನೂ ಕಾಯುತ್ತದೆ, ಬೇರೆ ಹೂಡಿಕೆದಾರರಿಗೆ ತೋರಿಸಲೂ ಬರುತ್ತದೆ.

ದೃಶ್ಯಪಟ್ಟಿ ಬಂದೊಡನೆ ಇಳಿದ ನೀರು ಬೇಕಾದ, ತುಂಬಿದ ನೀರು ಬೇಕಾದ, ನೀರೇ ಬೇಡದ ದೃಶ್ಯಗಳನ್ನು ಬೇರ್ಪಡಿಸಿ ಅಂದಾಜು ಬಜೆಟ್ ಹಾಕಿ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಸಂರಕ್ಷಿತ ಸ್ಮಾರಕಗಳಲ್ಲಿ ದೃಶ್ಯವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಅನುಮತಿ ಬೇಕಾಗುವುದರಿಂದ, ಆ ದೃಶ್ಯ ನಿಜಕ್ಕೂ ಅಲ್ಲೇ ನಡೆಯಬೇಕೇ ಎಂದು ಬರೆಯುವಾಗಲೇ ಕೇಳಿಕೊಳ್ಳಿ. ಶೀರ್ಷಿಕೆಯನ್ನು ಬೆಂಗಳೂರಿನ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಬಹುದು. ಸರ್ಕಾರದ ಸಹಾಯಧನ ಮುಗಿದ ಸಿನಿಮಾಕ್ಕೆ ಸಿಗುವಂಥದ್ದು. ಅದನ್ನು ಬಜೆಟ್ಟಿನ ಆದಾಯದ ಕಡೆ ಬರೆಯಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಕಿರಿಯ ತಂಗಿ ಪುಣೆಯಲ್ಲಿದ್ದಾರೆ, ಸದ್ಯಕ್ಕೆ ಊರಿಗೆ ಬರುವಂತಿಲ್ಲ. ಫೋನಿನಲ್ಲಿ ಒಪ್ಪಿದರೆ ಸಾಲದೇ?

ಉತ್ತರ 1ರವರಿಂದ

ಸಾಲದು. ಅವರು ಅಣ್ಣನಿಗಾಗಲೀ ಅಕ್ಕನಿಗಾಗಲೀ ಈ ಕಥೆಯ ಮಟ್ಟಿಗೆ ಅಧಿಕಾರಪತ್ರ ಬರೆದು, ಪುಣೆಯಲ್ಲೇ ನೋಟರಿ ಮಾಡಿಸಿ, ಮೂಲಪ್ರತಿಯನ್ನು ಅಂಚೆಯಲ್ಲಿ ಕಳಿಸಲಿ. ಆಯ್ಕೆಯ ಹಣದಲ್ಲಿ ಮೂವರ ಪಾಲನ್ನೂ ಅವರವರ ಬ್ಯಾಂಕ್ ಖಾತೆಗೇ ಹಾಕಿ.