ಖಿನ್ನತೆಯ ಮಾತ್ರೆಯಿಂದ ಪ್ರೀತಿಯೂ ಮಂಕಾಗುತ್ತದೆಯೇ?

ಪ್ರಶ್ನೆ: ಎಸಿಟಾಲೋಪ್ರಾಮ್ ಶುರುವಾದ ಮೇಲೆ ಅಳು ನಿಂತಿದೆ, ನಿದ್ದೆ ಬರುತ್ತಿದೆ. ಆದರೆ ಕ್ಯಾಂಪಿನಿಂದ ಗಂಡ ಬಂದು ಬಾಗಿಲಲ್ಲಿ ಚೀಲ ಇಳಿಸಿದಾಗ ಮೊದಲಿನಂತೆ ಎದೆ ಹಿಗ್ಗುವುದಿಲ್ಲ. ಬಿಸಿ ಅನ್ನ ಬಡಿಸುತ್ತೇನೆ, ಪ್ರಯಾಣದ ಬಗ್ಗೆ ಕೇಳುತ್ತೇನೆ. ಒಳಗೆ ಏನೂ ಮಿಡಿಯುವುದಿಲ್ಲ. ಅವರ ಮೇಲಿನ ಪ್ರೀತಿಯೇ ಹೋಯಿತೇ, ಇಲ್ಲ ಇದು ಮಾತ್ರೆಯ ಕೆಲಸವೇ? ತುಂಬಾ ಭಯವಾಗುತ್ತಿದೆ.

ಉತ್ತರ 1: ನನಗೂ ಹೀಗೇ ಆಗಿತ್ತು ಅಕ್ಕಾ. ವೈದ್ಯರು ಪ್ರಮಾಣ ತಗ್ಗಿಸಿದ ಮೇಲೆ ನಿಧಾನವಾಗಿ ಸರಿಹೋಯಿತು. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ ಶುರುವಾಗಬಹುದು.

ಉತ್ತರ 2: ನಾನು ಔಷಧಶಾಸ್ತ್ರ ಕಲಿಸುತ್ತೇನೆ. ಈ ಮಾತ್ರೆ ನರಕೋಶಗಳ ನಡುವೆ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಅದರಿಂದ ಹಂಬಲಕ್ಕೆ ಬೇಕಾದ ಡೋಪಮೈನ್ ಎಂಬ ಇನ್ನೊಂದು ರಾಸಾಯನಿಕ ತಗ್ಗಬಹುದು. ಕಾಮಾಸಕ್ತಿ ಕುಗ್ಗುವುದಂತೂ ಗೊತ್ತಿರುವ ಅಡ್ಡಪರಿಣಾಮ. ಪ್ರೇಮಕ್ಕೂ ಪೆಟ್ಟು ಬೀಳಬಹುದೆಂದು ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ವಾದಿಸಿದರು. ಅದು ಸಾಬೀತಾದ ಮಾತಲ್ಲ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಟಲಿಯ ಪೀಸಾದಲ್ಲಿ ಹೊಸದಾಗಿ ಪ್ರೇಮಕ್ಕೆ ಬಿದ್ದ 20 ಜನರನ್ನು ಪರೀಕ್ಷಿಸಿದಾಗ, ಅವರ ರಕ್ತದ ಪ್ಲೇಟ್‌ಲೆಟ್ ಕಣಗಳಲ್ಲಿ ಸೆರೊಟೋನಿನ್ ಸಾಗಿಸುವ ಪ್ರೋಟೀನ್ ಗೀಳುರೋಗಿಗಳಲ್ಲಿರುವಂತೆಯೇ ಕಡಿಮೆಯಿತ್ತು. ಅಂದರೆ ಪ್ರೇಮಕ್ಕೂ ಸೆರೊಟೋನಿನ್‌ಗೂ ನಂಟಿರಬಹುದು. ಚಿಕ್ಕ ಅಧ್ಯಯನ, ಆದರೂ ನನಗೆ ಬಹಳ ಮುಖ್ಯವೆನಿಸುತ್ತದೆ. ಒಂದನ್ನು ಮರೆಯಬೇಡಿ: ಖಿನ್ನತೆಯೂ ಭಾವನೆಗಳನ್ನು ಮರಗಟ್ಟಿಸುತ್ತದೆ. ಮಾತ್ರೆಗೆ ಮುಂಚೆ ಹೇಗಿತ್ತು ಎಂಬುದನ್ನು ವೈದ್ಯರಿಗೆ ಹೇಳಿ. ಬುಪ್ರೊಪಿಯಾನ್‌ನಂತಹ ಬೇರೆ ಬಗೆಯ ಔಷಧಗಳೂ ಇವೆ.

ಪ್ರಶ್ನೆ ಕೇಳಿದವರು: ಮುಂಚೆ ಅವರು ಬಂದರೂ ಹಾಸಿಗೆಯಿಂದ ಏಳುತ್ತಿರಲಿಲ್ಲ ಸರ್. ಇದನ್ನು ವೈದ್ಯರಿಗೆ ಹೇಳಿಯೇ ಇರಲಿಲ್ಲ. ಮುಂದಿನ ಭೇಟಿಗೆ ಗಂಡನನ್ನೂ ಕರೆದುಕೊಂಡು ಹೋಗುತ್ತೇನೆ.