ಆಗುಂಬೆಯಂಥ ಘಾಟಿ, ಆಷಾಢದ ಕೆಸರು, 6 ಟನ್ ಫಿರಂಗಿ: ಎಳೆಯೋದು ಯಾವುದು?

ತುಂಗೆದಂಡೆ:
ಎರಡನೇ ಮಹಾಯುದ್ಧದಲ್ಲಿ ಫಿರಂಗಿ ಎಳೆಯುತ್ತಿದ್ದ ಬ್ರಿಟಿಷ್ ಲಾರಿ ಎಇಸಿ ಮ್ಯಾಟಡಾರ್‌ಗೆ ಇದ್ದದ್ದು 95 ಎಚ್‌ಪಿ ಡೀಸೆಲ್ ಎಂಜಿನ್. ಇವತ್ತಿನ ನಾಟಾ ಲಾರಿ ಇದಕ್ಕಿಂತ ಎಷ್ಟೋ ಜೋರು. ಆದರೂ 5.5 ಇಂಚಿನ ಫಿರಂಗಿ, ಸುಮಾರು 6 ಟನ್, ಇದರ ಬೆನ್ನಿಗೇ ಕಟ್ಟುತ್ತಿದ್ದರು. ನಮ್ಮ ಕಡೆಯ ಘಾಟಿಗೆ ಮಳೆಗಾಲದಲ್ಲಿ, ಡಾಂಬರಿಲ್ಲದ ಜಂಬಿಟ್ಟಿಗೆ ಮಣ್ಣಿನ ದಾರಿಯಲ್ಲಿ ತಂದು ಬಿಟ್ಟಿದ್ದರೆ ಹತ್ತುತ್ತಿತ್ತಾ? ಜರ್ಮನರ ಹಾಫ್‌ಟ್ರ್ಯಾಕ್ (ಮುಂದೆ ಗಾಲಿ, ಹಿಂದೆ ಉಕ್ಕಿನ ಟ್ರ್ಯಾಕ್ ಪಟ್ಟಿ) ಮೇಲು ಅನ್ಸುತ್ತೆ. ಬಲ್ಲವರು ಹೇಳಿ.

ಲೋಗೇರ್:
ಎಚ್‌ಪಿ ಮರೆತುಬಿಡಿ. 4 ಗೇರು, ಮೇಲೆ 2 ಸ್ಪೀಡಿನ ಟ್ರಾನ್ಸ್‌ಫರ್ ಬಾಕ್ಸ್ ಇತ್ತು. ಅದರ ಲೋ ರೇಂಜಿನಲ್ಲಿ, ಅಂದರೆ ವೇಗ ಇಳಿಸಿ ಎಳೆತ ಹೆಚ್ಚಿಸಿದಾಗ, ಗಾಲಿ ತಿರುಗಿಸೋ ಶಕ್ತಿಗೆ ಕೊರತೆ ಇಲ್ಲ. ಸೋಲೋದು ಹಿಡಿತದಲ್ಲಿ.

ಲೆಕ್ಕ ನೋಡಿ. ಸಿಬ್ಬಂದಿ, ಮದ್ದುಗುಂಡು ತುಂಬಿದ ಮ್ಯಾಟಡಾರ್ 11 ಟನ್ ಅಂತಿಟ್ಟುಕೊಳ್ಳಿ, ಫಿರಂಗಿ ಸೇರಿ 17. ಹತ್ತಕ್ಕೆ ಒಂದರ ಏರಿಗೆ 1.7 ಟನ್ ಎಳೆತ ಬೇಕು. ಕೆಸರಿನ ತಡೆ ತೂಕದ ನೂರಕ್ಕೆ 12 ಹಿಡಿದರೆ ಇನ್ನೊಂದು 2 ಟನ್. ಒಟ್ಟು 3.7. ನೆನೆದ ಕೆಂಪು ಜೇಡಿಯ ಮೇಲೆ ಟೈರಿನ ಹಿಡಿತ ತೂಕದ 0.3 ಪಾಲು ಅಂದರೆ, ನಾಲ್ಕೂ ಗಾಲಿಗೆ ಡ್ರೈವ್ ಕೊಟ್ಟರೂ 3.3 ಟನ್. ಜಾರಿತು. ಮದ್ದುಗುಂಡು ಇಳಿಸಿ ಹಗುರ ಮಾಡೋಣ ಅಂತ ಹೊರಟರೆ ಇನ್ನೂ ಕೆಡುತ್ತೆ: ಖಾಲಿ ಗಾಡಿ 7 ಟನ್ ಚಿಲ್ಲರೆ, ಹಿಡಿತ ಬರೀ 2.2, ಬೇಕಾದದ್ದು 2.9.

ಅದಕ್ಕೇ ಚಾಸಿಯಲ್ಲಿ 7 ಟನ್ ಎಳೆಯೋ ವಿಂಚ್ (ಡ್ರಮ್ಮಿಗೆ ಹಗ್ಗ ಸುತ್ತಿ ಎಳೆಯೋ ಯಂತ್ರ) ಕೂರಿಸಿದ್ದು. ಜಾರೋ ಜಾಗದಲ್ಲಿ ಫಿರಂಗಿಯ ಗಾಲಿಗೆ ಅಡೆ ಕೊಟ್ಟು ಬಿಚ್ಚೋದು. ಲಾರಿ ಒಂದೇ ಮೇಲೆ ಹೋಗಿ ಗಟ್ಟಿ ನೆಲದಲ್ಲಿ ನಿಂತು, ತನ್ನ ಗಾಲಿಗೂ ಅಡೆ ಕೊಟ್ಟುಕೊಂಡು, ವೈರ್‌ರೋಪ್ ಹಿಂದಕ್ಕೆ ಬಿಡೋದು. ಈಗ ಎಳೆಯಬೇಕಾದ್ದು ಫಿರಂಗಿ ಮಾತ್ರ: 6 ಟನ್ನಿಗೆ 1.3 ಟನ್ ಸಾಕು. ಮರದ ಅಡೆ ಹಿಡಿದ ಇಬ್ಬರು ಎರಡೂ ಗಾಲಿಯ ಹಿಂದೆ ಬರಬೇಕು, ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು. ಡ್ರಮ್ಮಿನ ಮೇಲೆ ಸುತ್ತು ಹೆಚ್ಚಿದಷ್ಟೂ ವಿಂಚಿನ ಎಳೆತ ಕಡಿಮೆ ಆಗುತ್ತೆ, ಹಾಗಂತ ಪೂರ್ತಿ ಬಿಚ್ಚಿದರೆ ಹಗ್ಗದ ತುದಿಯ ಕ್ಲ್ಯಾಂಪೇ ಭಾರ ಹೊರುತ್ತೆ, ಕಿತ್ತು ಬರುತ್ತೆ. ನಾಲ್ಕೈದು ಸುತ್ತು ಉಳಿಸಲೇಬೇಕು.

ಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಮರದ ವ್ಯಾಪಾರಿಗಳು ಮ್ಯಾಟಡಾರ್‌ಗೆ ಮುಗಿಬಿದ್ದದ್ದೂ ಈ ವಿಂಚಿಗೇ.

ಕಬ್ಬಿಣದಚ್ಚು:
ಹಾಫ್‌ಟ್ರ್ಯಾಕ್ ವಿಷಯ. 8 ಟನ್ ಎಳೆಯೋ ವರ್ಗದ ಎಸ್‌ಡಿ ಕೆಎಫ್‌ಜೆಡ್ 7, ಮೇಬ್ಯಾಕ್ ಎಂಜಿನ್, 140 ಎಚ್‌ಪಿ, ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ಹಿಡಿತದ ಮಟ್ಟಿಗೆ ತುಂಗೆದಂಡೆಯವರ ಮಾತು ಸರಿ. ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೆ ಮುಂದಿನ ಗಾಲಿ ಮಾತ್ರ, ಜಾಸ್ತಿ ತಿರುಗಿಸಿದರೆ ಒಳಬದಿಯ ಟ್ರ್ಯಾಕಿಗೆ ಬ್ರೇಕ್ ಬೀಳುತ್ತಿತ್ತು, ತಿರುವಿಗೆ ಅನುಕೂಲ.

ಆದರೆ ರಿಪೇರಿ? ಒಂದರೊಳಗೊಂದು ಹೆಣೆದ ಗಾಲಿಗಳು. ಒಳಸಾಲಿನ ಒಂದು ಗಾಲಿ ಬಿಚ್ಚಲು ಮುಂದಿರೋ ಹೊರಗಾಲಿಗಳನ್ನೂ ಬಿಚ್ಚಬೇಕು. ಟ್ರ್ಯಾಕಿನ ಪ್ರತಿ ಪಿನ್ನಿಗೂ ನೀಡಲ್ ಬೇರಿಂಗ್ (ಸೂಜಿಯಂಥ ರೋಲರುಗಳದ್ದು), ಎಣ್ಣೆ, ಸೀಲು. ಸೀಲು ಹರಿದರೆ ಕೆಸರು ಒಳಗೆ, ಬೇರಿಂಗ್ ಅರೆದು ಹಿಟ್ಟು. ರಷ್ಯಾದಲ್ಲಿ ಗಾಲಿಗಳ ನಡುವಿನ ಕೆಸರು ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಗಾಡಿಯೇ ಅಲುಗುತ್ತಿರಲಿಲ್ಲ. ಮಲೆನಾಡಿನಲ್ಲಿ ಹಿಮ ಇಲ್ಲ ನಿಜ, ಜಂಬಿಟ್ಟಿಗೆಯ ಹರಳು ಸಾಲದೇ?

ಜರ್ಮನರೇ ಕೊನೆಗೆ ದಾರಿ ಬದಲಿಸಿದರು. 1943ರಿಂದ ಬಂದ ಹೊಸ ಹಾಫ್‌ಟ್ರ್ಯಾಕ್ ಎಸ್‌ಡಬ್ಲ್ಯುಎಸ್‌ಗೆ ಎಣ್ಣೆ ಬೇಡದ ಒಣ ಪಿನ್ನಿನ ಟ್ರ್ಯಾಕ್. ಸ್ಟೈಯರ್ ಕಂಪನಿಯ ಎಳೆಗಾಡಿ ಆರ್‌ಎಸ್‌ಒ ಇನ್ನೂ ಒರಟು: ಪೂರ್ತಿ ಟ್ರ್ಯಾಕು, ಬದಿಗೆ ನಾಲ್ಕೇ ಉಕ್ಕಿನ ಗಾಲಿ, ವೇಗ ಗಂಟೆಗೆ 17 ಕಿ.ಮೀ. ಅಷ್ಟೇ. ಅಮೆರಿಕದ ಎಳೆಗಾಡಿ ಎಂ4 ಇದಕ್ಕೆಲ್ಲ ಉತ್ತರ: 1943, 210 ಎಚ್‌ಪಿ, ಪೂರ್ತಿ ಟ್ರ್ಯಾಕು, ಗಂಟೆಗೆ 35 ಮೈಲಿ, ಸುಮಾರು 14 ಟನ್ನಿನ ಲಾಂಗ್ ಟಾಮ್ ಫಿರಂಗಿಗೆ. ದುಡ್ಡಿದ್ದವರ ಉತ್ತರ, ಅನ್ನಿ.

ತುಂಗೆದಂಡೆ:
ಸರಿ, ವಿಂಚ್ ಒಪ್ಪಿದೆ. ಹೇರ್‌ಪಿನ್ ತಿರುವಿನಲ್ಲಿ ಏನು ಮಾಡೋದು? ಹಗ್ಗ ನೇರ ಎಳೆದರೆ ಫಿರಂಗಿ ಒಳಗಿನ ಧರೆಗೆ ಹೋಗಿ ಗುದ್ದಲ್ವಾ?

ಲೋಗೇರ್:
ಗುದ್ದುತ್ತೆ. ತಿರುವಿನ ಹೊರಅಂಚಿಗೆ ಸ್ನ್ಯಾಚ್ ಬ್ಲಾಕ್ (ಹಗ್ಗ ಹಾಯಿಸೋ ರಾಟೆ) ಕಟ್ಟಿ ಹಗ್ಗ ಅದರ ಮೂಲಕ ತಿರುಗಿಸಬೇಕು. ಲಾರಿ ಮೇಲಿನ ತೋಳಿನಲ್ಲಿ, ಫಿರಂಗಿ ಕೆಳಗಿನ ತೋಳಿನಲ್ಲಿ. ಎರಡೂ ಎಳೆ ಹೆಚ್ಚುಕಮ್ಮಿ ಸಮಾನಾಂತರ, ಹಾಗಾಗಿ ಬ್ಲಾಕಿನ ಮೇಲೆ ಬೀಳೋದು ಎಳೆತದ ಎರಡರಷ್ಟು. ಅಚ್ಚಿನವರೆಗೆ ಹೂತ ಫಿರಂಗಿ ತನ್ನ ತೂಕದಷ್ಟೇ ಎಳೆತ ಕೇಳಬಹುದು: ಹಗ್ಗದಲ್ಲಿ 6 ಟನ್, ಬ್ಲಾಕಿನಲ್ಲಿ 12. ನೆನೆದ ದಿಬ್ಬದ ಅಂಚಿನ ಮರ ಬೇರುಸಮೇತ ಬರುತ್ತೆ. ಮೊದಲು ಗಾಲಿ ಮುಂದಿನ ಕೆಸರು ಅಗೆದು, ಅಡಿಗೆ ಮರದ ತುಂಡು ಹಾಸಿ, ಆಮೇಲೆ ಎಳೀರಿ.

ಕಬ್ಬಿಣದಚ್ಚು:
ಬ್ಲಾಕ್ ಕಟ್ಟಲು ಮರ ನಂಬಬೇಡಿ. ಎಳೆತಕ್ಕೆ ಅಡ್ಡಲಾಗಿ ಆಳುದ್ದದ ಗುಂಡಿ ತೋಡಿ, ದಪ್ಪ ದಿಮ್ಮಿ ಮಲಗಿಸಿ, ನಡುವಿಗೆ ಹಗ್ಗ ಸುತ್ತಿ ಮಣ್ಣು ತುಂಬಿ ಗುದ್ದಬೇಕು. ಹಗ್ಗ ಹೊರಬರೋ ಸೀಳು ಮಾತ್ರ ಉದ್ದಕ್ಕೆ ಓರೆಯಾಗಿ ಕಡಿಯಿರಿ. ನೆಟ್ಟಗೆ ಕಡಿದರೆ ಎಳೆತ ಮೇಲ್ಮುಖ ಆಗಿ ದಿಮ್ಮಿ ಮಣ್ಣಿಂದ ಎದ್ದು ಬರುತ್ತೆ.