ಅನುವಾದಕರನ್ನು ಕೇಳಿ: ‘ಹೆಡ್’ ಪದಕ್ಕೆ ಸರಿಯಾದ ಸಮಾನಾರ್ಥಕ ಯಾವುದು?

ಪ್ರಶ್ನೆ (ಪದವಿ ವಿದ್ಯಾರ್ಥಿನಿ, ಕಾರವಾರ): ಮೇಡಂ, ಸ್ಪರ್ಧಾತ್ಮಕ ಪರೀಕ್ಷೆಗೆ ಇಂಗ್ಲಿಷ್ ಓದುತ್ತಿದ್ದೇನೆ. ಮಾರ್ಗದರ್ಶಿ ಪುಸ್ತಕದಲ್ಲಿ ‘ಹೆಡ್’ ಪದದ ಮುಂದೆ ಸ್ಕಲ್, ಮೈಂಡ್, ಚೀಫ್, ಟಾಪ್, ಸೋರ್ಸ್, ಕೇಪ್ ಎಂದು ಸಾಲಾಗಿ ಕೊಟ್ಟಿದ್ದಾರೆ. ಒಂದಕ್ಕೂ ಇನ್ನೊಂದಕ್ಕೂ ನಂಟೇ ಕಾಣುವುದಿಲ್ಲ. ಬಾಯಿಪಾಠ ಮಾಡಿದ್ದೇನೆ, ಆದರೆ ವಾಕ್ಯ ಕೊಟ್ಟರೆ ಯಾವುದನ್ನು ಆರಿಸಬೇಕೆಂದು ತೋಚುವುದಿಲ್ಲ. ನಮ್ಮ ‘ಕಾರವಾರ ಹೆಡ್’ ಕೂಡ ಇದೇ ಪದವೇ?

ಅನುವಾದಕರ ಉತ್ತರ: ಅದೇ ಪದ ತಂಗಿ. ಬೈತಖೋಲ ಬಂದರಿಗೆ ಬೆನ್ನು ಕೊಟ್ಟು ಕಡಲಿನೊಳಕ್ಕೆ ಚಾಚಿಕೊಂಡಿರುವ ಗುಡ್ಡವನ್ನು ನಾವಿಕರ ನಕ್ಷೆಗಳು ಕಾರವಾರ ಹೆಡ್ ಎಂದು ಗುರುತಿಸುತ್ತವೆ. ಅದರ ಉತ್ತರಕ್ಕೆ ಕಾರವಾರ ಕೊಲ್ಲಿ, ದಕ್ಷಿಣಕ್ಕೆ ಬಿಣಗಾ ಕೊಲ್ಲಿ. ನೆಲವು ಹೀಗೆ ನೀರಿನೊಳಗೆ ಮುಂಚಾಚಿ ಎತ್ತರಕ್ಕೆ ನಿಂತರೆ ಇಂಗ್ಲಿಷಿನಲ್ಲಿ ಹೆಡ್ ಅಥವಾ ಹೆಡ್‌ಲ್ಯಾಂಡ್. ನಾವು ಭೂಶಿರ ಎನ್ನುವುದೂ ಅದನ್ನೇ.

ನಿಮ್ಮ ಪಟ್ಟಿಯ ಕೇಪ್, ಚೀಫ್ ಎರಡೂ ಲ್ಯಾಟಿನ್ನಿನ ‘ಕಾಪುಟ್’ ಎಂಬ ಪದದಿಂದ ಬಂದವು. ಕಾಪುಟ್ ಎಂದರೆ ತಲೆ. ಪೋರ್ಚುಗೀಸರ ನಾಲಿಗೆಯಲ್ಲಿ ಅದೇ ಕಾಬೊ ಆಯಿತು. ಗೋವಾ ಗಡಿ ದಾಟಿ ಕಾಣಕೋಣದ ಕಡೆ ಹೋದರೆ ಕಾಬೊ ದ ರಾಮ ಕೋಟೆ ಸಿಗುತ್ತದೆಯಲ್ಲ, ಆ ಕಾಬೊ. ಕ್ಯಾಪ್ಟನ್, ಕ್ಯಾಪಿಟಲ್, ಹೋಟೆಲಿನ ಶೆಫ್, ಅರ್ಥಶಾಸ್ತ್ರದ ಪರ್ ಕ್ಯಾಪಿಟಾ ಎಲ್ಲವೂ ಈ ಮನೆತನದ ಮಕ್ಕಳೇ. ಪರ್ ಕ್ಯಾಪಿಟಾ ಆದಾಯವನ್ನು ನಾವು ತಲಾ ಆದಾಯ ಎನ್ನುತ್ತೇವೆ. ಹೆಡ್ ಎಂಬುದು ಜರ್ಮನಿಕ್ ಬಳಗದ ಪದವಾದರೂ ಕಾಪುಟ್‌ಗೆ ದೂರದ ದಾಯಾದಿ ಎಂದು ಭಾಷಾ ವಿದ್ವಾಂಸರು ಹೇಳುತ್ತಾರೆ.

ಇನ್ನು ಪರೀಕ್ಷೆಯ ಮಾತು. ಆ ಪಟ್ಟಿಯಲ್ಲಿರುವ ಪದಗಳು ಒಂದಕ್ಕೊಂದು ಸಮಾನಾರ್ಥಕಗಳಲ್ಲ. ಪ್ರತಿಯೊಂದೂ ಹೆಡ್ ಎಂಬುದರ ಒಂದೊಂದು ಅರ್ಥಕ್ಕೆ ಮಾತ್ರ ಹೊಂದುತ್ತದೆ. ಇಷ್ಟನ್ನು ಹೇಳದೆ ಪಟ್ಟಿ ಅಚ್ಚು ಹಾಕುವ ಮಾರ್ಗದರ್ಶಿಗಳ ಮೇಲೆ ನನಗೆ ಹಳೆಯ ಸಿಟ್ಟಿದೆ. ನೀವು ಮಾಡಬೇಕಾದದ್ದು ಒಂದೇ: ಹೆಡ್ ಪದದ ಅಕ್ಕಪಕ್ಕ ಯಾರಿದ್ದಾರೆ ನೋಡುವುದು. ಪಕ್ಕದಲ್ಲಿ ಇಲಾಖೆಯೋ ಕುಟುಂಬವೋ ಇದ್ದರೆ ಚೀಫ್ ಅಥವಾ ಲೀಡರ್. ನದಿ ಇದ್ದರೆ ಸೋರ್ಸ್. ಕಾಳಿ ನದಿಯ ಹೆಡ್ ಎಂದರೆ ಜೋಯಿಡಾದ ಡಿಗ್ಗಿಯ ಕಡೆಯ ಅದರ ಉಗಮ. ಮೆಟ್ಟಿಲು, ಪುಟ ಅಥವಾ ಸರದಿ ಸಾಲು ಇದ್ದರೆ ಮೇಲ್ತುದಿ, ಮುಂತುದಿ. ‘ಯೂಸ್ ಯುವರ್ ಹೆಡ್’ ಎಂದರೆ ಬುದ್ಧಿ ಓಡಿಸು. ಅಲ್ಲಿ ಮೈಂಡ್ ಅಥವಾ ಬ್ರೇನ್ ಹೊಂದುತ್ತದೆ, ಸ್ಕಲ್ ಹೊಂದುವುದಿಲ್ಲ. ಸ್ಕಲ್ ಬರೀ ಮೂಳೆ. ನಾಗಿನ್ (noggin), ಪೇಟ್ (pate), ಬೀನ್ (bean) ಎಂಬವು ಇಂಗ್ಲಿಷಿನಲ್ಲಿ ತಲೆಗೆ ಇರುವ ತಮಾಷೆಯ ಹೆಸರುಗಳು, ಅವನ್ನು ಅರ್ಜಿಯಲ್ಲಿ ಬರೆಯಬೇಡಿ.

ಒಂದು ಗುಂಡಿ ಮಾತ್ರ ಗಮನದಲ್ಲಿರಲಿ. ‘ಫಿಫ್ಟಿ ಹೆಡ್ ಆಫ್ ಕ್ಯಾಟಲ್’ ಎನ್ನುವಾಗ ಹೆಡ್ ಪದಕ್ಕೆ ಬಹುವಚನದ ‘ಸ್’ ಹತ್ತುವುದಿಲ್ಲ. ನಾವು ಐವತ್ತು ರಾಸು ಎನ್ನುವುದಿಲ್ಲವೇ, ಹಾಗೆ. ತಪ್ಪು ತಿದ್ದುವ ಪ್ರಶ್ನೆಗೆ ಹೇಳಿ ಮಾಡಿಸಿದಂಥದ್ದು ಇದು.

ಪ್ರಶ್ನೆ (ಪಂಚಾಯಿತಿ ಲೆಕ್ಕ ಸಹಾಯಕ, ಶಿರಸಿ): ಮೇಡಂ, ಅನುದಾನದ ಪತ್ರವೊಂದರಲ್ಲಿ ‘ಹೆಡ್ ಆಫ್ ಅಕೌಂಟ್’ ಎಂದಿತ್ತು. ಮೊಬೈಲಿನ ಅನುವಾದ ತಂತ್ರಾಂಶ ‘ಖಾತೆಯ ಮುಖ್ಯಸ್ಥರು’ ಎಂದು ಕೊಟ್ಟಿತು. ಹಾಗೆಯೇ ಬರೆಯಬಹುದೇ?

ಉತ್ತರ: ದಯವಿಟ್ಟು ಬೇಡ. ಹಾಗೆ ಬರೆದರೆ ಆ ಮುಖ್ಯಸ್ಥರು ಯಾರು ಎಂದು ಮೇಲಿನ ಕಚೇರಿಯಿಂದ ವಿವರಣೆ ಕೇಳಿ ಇನ್ನೊಂದು ಪತ್ರ ಬರುತ್ತದೆ. ನಮ್ಮ ಆಡಳಿತದಲ್ಲಿ ಅದಕ್ಕೆ ‘ಲೆಕ್ಕ ಶೀರ್ಷಿಕೆ’ ಎಂಬ ಪದ ರೂಢಿಯಲ್ಲಿದೆ. ಹಣ ಯಾವ ಉದ್ದೇಶಕ್ಕೆ ಬಂತು, ಯಾವುದಕ್ಕೆ ಹೋಯಿತು ಎಂಬ ವಿಂಗಡಣೆಯ ತಲೆಬರಹ ಅದು. ಪ್ರಧಾನ ಲೆಕ್ಕ ಶೀರ್ಷಿಕೆಗೆ ನಾಲ್ಕು ಅಂಕಿಗಳಿರುತ್ತವೆ: 2202 ಸಾಮಾನ್ಯ ಶಿಕ್ಷಣ, 2405 ಮೀನುಗಾರಿಕೆ, 3051 ಬಂದರು ಮತ್ತು ದೀಪಸ್ತಂಭಗಳು. ಮೊದಲ ಅಂಕಿ 0 ಅಥವಾ 1 ಇದ್ದರೆ ರಾಜಸ್ವ ಜಮೆ, 2 ಅಥವಾ 3 ಇದ್ದರೆ ರಾಜಸ್ವ ವೆಚ್ಚ, 4 ಅಥವಾ 5 ಇದ್ದರೆ ಬಂಡವಾಳ ವೆಚ್ಚ. ಅಂದಹಾಗೆ ಹೆಡ್ ಪೋಸ್ಟ್ ಆಫೀಸ್ ‘ಪ್ರಧಾನ’ ಅಂಚೆ ಕಚೇರಿ, ಹೆಡ್‌ಮಾಸ್ಟರ್ ‘ಮುಖ್ಯ’ ಉಪಾಧ್ಯಾಯರು, ಹೆಡ್ ಆಫ್ ದಿ ಫ್ಯಾಮಿಲಿ ಮನೆಯ ‘ಯಜಮಾನ’. ರೂಢಿ ಒಂದೊಂದು ಕಡೆ ಒಂದೊಂದನ್ನು ಆರಿಸಿಕೊಂಡಿದೆ, ಎಲ್ಲ ಕಡೆಗೂ ‘ಮುಖ್ಯಸ್ಥ’ರನ್ನೇ ತಂದು ಕೂರಿಸುವುದು ಸೋಮಾರಿತನ.

ಪ್ರತಿಕ್ರಿಯೆ (ಟ್ರಾಲ್ ಬೋಟ್ ಮಾಲೀಕ, ಬೈತಖೋಲ): ಅಕ್ಕೋರೇ, ನಮ್ಮ ಬಲೆಯಲ್ಲೂ ಹೆಡ್ ಇದೆ. ಬಲೆಯ ಬಾಯಿಯ ಮೇಲಂಚಿನ ಹಗ್ಗಕ್ಕೆ ಹೆಡ್ ರೋಪ್, ಕೆಳಗಿನದಕ್ಕೆ ಫೂಟ್ ರೋಪ್. ಮೇಲಿನದಕ್ಕೆ ತೇಲುವ ಗುಂಡು, ಕೆಳಗಿನದಕ್ಕೆ ಭಾರ. ಹಾಗಿದ್ದರೆ ಮಾತ್ರ ಬಾಯಿ ತೆರೆದುಕೊಳ್ಳುತ್ತದೆ. ಸಿಗಡಿ ಮಾರುವಾಗಲೂ ಅಷ್ಟೇ, ತಲೆ ಇರುವ ಮಾಲು ‘ಹೆಡ್ ಆನ್’, ತಲೆ ತೆಗೆದದ್ದು ‘ಹೆಡ್‌ಲೆಸ್’. ಎರಡಕ್ಕೂ ದರ ಬೇರೆ.

ಉತ್ತರ: ತಲೆ, ಕಾಲು, ಬಾಯಿ ಮೂರೂ ಒಂದೇ ಬಲೆಯಲ್ಲಿ! ಇದನ್ನು ನಾನು ‘ಮೇಲಂಚಿನ ಹಗ್ಗ’ ಎಂದೇ ಬರೆದುಕೊಳ್ಳುತ್ತೇನೆ, ‘ತಲೆ ಹಗ್ಗ’ ಎಂದರೆ ಓದುವವರಿಗೆ ಏನೂ ಹೊಳೆಯುವುದಿಲ್ಲ.

ಪ್ರತಿಕ್ರಿಯೆ (ನಿವೃತ್ತ ವಿದ್ಯುದಾಗಾರ ನೌಕರ, ಕದ್ರಾ): ನಮ್ಮ ಕೆಲಸದಲ್ಲಿ ಹೆಡ್ ಎಂದರೆ ಎತ್ತರ. ಜಲಾಶಯದ ನೀರಿನ ಮಟ್ಟಕ್ಕೂ ಟರ್ಬೈನ್ ದಾಟಿ ಹೊರಬೀಳುವ ನೀರಿನ ಮಟ್ಟಕ್ಕೂ ಇರುವ ಅಂತರ. ಸೆಕೆಂಡಿಗೆ ಒಂದು ಘನ ಮೀಟರ್ ನೀರು 100 ಮೀಟರ್ ಹೆಡ್‌ನಿಂದ ಬಿದ್ದರೆ ಲೆಕ್ಕದ ಪ್ರಕಾರ ಸುಮಾರು 981 ಕಿಲೋವ್ಯಾಟ್ ಶಕ್ತಿ. ಯಂತ್ರದ ನಷ್ಟ ಕಳೆದರೆ ಅದಕ್ಕಿಂತ ಕಡಿಮೆ ಕೈಗೆ ಸಿಗುತ್ತದೆ. ಅಣೆಕಟ್ಟಿನ ಬುಡದಲ್ಲೇ ಇರುವ ಕದ್ರಾದಲ್ಲಿ ಹೆಡ್ ಕಡಿಮೆ, ಆದ್ದರಿಂದ ನೀರು ಬಹಳ ಬೇಕು. ಬೊಮ್ಮನಹಳ್ಳಿ ಜಲಾಶಯದಿಂದ ಸುರಂಗದಲ್ಲಿ ನೀರು ಇಳಿಯುವ ನಾಗಝರಿ ವಿದ್ಯುದಾಗಾರದಲ್ಲಿ ಹೆಡ್ ಹೆಚ್ಚು. ಮಳೆ ಕಡಿಮೆಯಾಗಿ ಜಲಾಶಯ ಇಳಿದರೆ ಹೆಡ್ ಕೂಡ ಇಳಿಯುತ್ತದೆ.

ಉತ್ತರ: ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಉಪಕಾರವಾಯಿತು. ನಾನು ಇಲ್ಲಿ ಅನುವಾದ ಮಾಡುವುದಾದರೆ ‘ನೀರು ಬೀಳುವ ಎತ್ತರ’ ಎನ್ನುತ್ತೇನೆ. ಎಂಜಿನಿಯರುಗಳೇ ಓದುವ ಕಡತವಾದರೆ ‘ಹೆಡ್’ ಎಂದೇ ಉಳಿಸುತ್ತೇನೆ.

ಪ್ರಶ್ನೆ (ಗೃಹಿಣಿ, ಅಂಕೋಲಾ): ನನ್ನ ಮಗ ನೌಕಾಪಡೆಗೆ ಸೇರಿದ್ದಾನೆ. ಫೋನಿನಲ್ಲಿ ‘ಹೆಡ್ಸ್ ತೊಳೆಯುವ ಪಾಳಿ’ ಎಂದ. ಏನೆಂದು ಕೇಳಿದರೆ ನಗುತ್ತಾನೆ.

ಉತ್ತರ: ಅಮ್ಮಾ, ಹಡಗಿನಲ್ಲಿ ಹೆಡ್ಸ್ ಎಂದರೆ ಶೌಚಾಲಯ. ಹಾಯಿ ಹಡಗುಗಳ ಕಾಲದಲ್ಲಿ ನಾವಿಕರ ಶೌಚದ ಜಾಗ ಹಡಗಿನ ಮುಂತುದಿಯಲ್ಲಿರುತ್ತಿತ್ತು, ಆ ತುದಿಗೆ ಹೆಡ್ ಎಂದು ಹೆಸರು. ಗಾಳಿ ಹೆಚ್ಚಾಗಿ ಹಿಂದಿನಿಂದ ಬೀಸುವುದರಿಂದ ವಾಸನೆ ಮುಂದಕ್ಕೆ ಹೋಗುತ್ತಿತ್ತು, ಅಲೆಗಳು ತೊಳೆದುಕೊಂಡು ಹೋಗುತ್ತಿದ್ದವು. ಉಕ್ಕಿನ ಹಡಗುಗಳು ಬಂದ ಮೇಲೆ ಜಾಗ ಬದಲಾಯಿತು, ಹೆಸರು ಬದಲಾಗಲಿಲ್ಲ. ಮಗ ನಾಚಿಕೊಂಡು ನಕ್ಕಿರಬೇಕು, ಬೈಯಬೇಡಿ.

ಪ್ರಶ್ನೆ (ಮೊದಲಿನ ವಿದ್ಯಾರ್ಥಿನಿ): ಕೊನೆಯದೊಂದು ಮೇಡಂ. ‘ಕಮ್ ಟು ಎ ಹೆಡ್’ ಎಂದರೆ ತಲೆಗೆ ಬರುವುದೇ?

ಉತ್ತರ: ಅಲ್ಲ. ಕೀವುಗಟ್ಟಿ ಹಣ್ಣಾದ ಕುರುವಿನ ತುದಿಗೂ ಇಂಗ್ಲಿಷಿನಲ್ಲಿ ಹೆಡ್ ಎನ್ನುತ್ತಾರೆ. ಜಗಳವೋ ಮುಷ್ಕರವೋ ಇನ್ನು ಒಡೆಯಲೇಬೇಕು ಎಂಬ ಹಂತ ಮುಟ್ಟಿದಾಗ ಈ ಮಾತು ಬಳಸುತ್ತಾರೆ. ಕನ್ನಡದಲ್ಲಿ ‘ವಿಕೋಪಕ್ಕೆ ಹೋಯಿತು’ ಎಂದರೆ ಸಾಕಷ್ಟು ಹತ್ತಿರ ಬರುತ್ತದೆ. ನಿಮ್ಮ ಪಟ್ಟಿಯ ಒಂದೊಂದು ಪದಕ್ಕೂ ಒಂದೊಂದು ವಾಕ್ಯ ಬರೆದು ಇಲ್ಲಿ ಹಾಕಿ, ಭಾನುವಾರ ತಿದ್ದಿ ಕೊಡುತ್ತೇನೆ.